ಹಳೆಯ ಕಾಗದದಿಂದ ಮನೆಯ ಬುಟ್ಟಿ

ಪ್ರತಿ ಮನೆಯಲ್ಲಿಯೂ ಒಂದು ಮೂಲೆಯುಂಟು. ಓದಿ ಮುಗಿದ ಪತ್ರಿಕೆಗಳು ಅಲ್ಲಿ ಅಟ್ಟಿಯಾಗಿ ಬೆಳೆಯುತ್ತವೆ. ತಿಂಗಳಿಗೋ ಎರಡು ತಿಂಗಳಿಗೋ ರದ್ದಿಯವನು ಬಂದು ತಕ್ಕಡಿ ಹಿಡಿಯುತ್ತಾನೆ. ಕೈಗೆ ಒಂದಷ್ಟು ಚಿಲ್ಲರೆ ಬರುತ್ತದೆ, ಮೂಲೆ ಬರಿದಾಗುತ್ತದೆ. ಈ ಸಲ ಅವನಿಗೆ ಕೊಡುವ ಮೊದಲು ನಾಲ್ಕೈದು ದಿನದ ಪತ್ರಿಕೆಗಳನ್ನು ಪಕ್ಕಕ್ಕೆ ತೆಗೆದಿಟ್ಟುಕೊಳ್ಳಿ. ಮಕ್ಕಳಿಗೆ ರಜ ಬಂದಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಅಜ್ಜಿ ಇದ್ದರಂತೂ ಈ ಲೇಖನದ ಅರ್ಧ ಭಾಗ ಬೇಕಾಗಲಾರದು, ಅವರನ್ನೇ ಕೇಳಬಹುದು.

ಕಾಗದದ ಕೆಲಸ ಎಂದೊಡನೆ ದೋಣಿ, ವಿಮಾನ, ಗಾಳಿಪಟ ನೆನಪಿಗೆ ಬರುತ್ತವೆ. ಅವು ಎಲ್ಲರಿಗೂ ಗೊತ್ತಿರುವಂಥವು. ಆಷಾಢದ ಗಾಳಿಗೆ ಪಟ ಹಾರಿಸುವ ಹುಡುಗರಿಗೆ ಹೇಳಬೇಕಾದ ಮಾತು ಒಂದೇ: ದಾರ ಹತ್ತಿಯದಿರಲಿ. ಗಾಜಿನ ಪುಡಿ ಹಚ್ಚಿದ ದಾರವನ್ನೂ ನೈಲಾನ್ ದಾರವನ್ನೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿಯೇ ನಿಷೇಧಿಸಿತು. ಹಕ್ಕಿಗಳ ರೆಕ್ಕೆಯನ್ನೂ ದ್ವಿಚಕ್ರ ಸವಾರರ ಕುತ್ತಿಗೆಯನ್ನೂ ಅದು ಕೊಯ್ಯುತ್ತದೆ.

ಕೆಲಸಕ್ಕೆ ತೊಡಗುವ ಮೊದಲು ಕಾಗದದ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಪತ್ರಿಕೆಯ ಒಂದು ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿ. ಗೆರೆ ಎಳೆದಂತೆ ನೇರವಾಗಿ ಹರಿಯುತ್ತದೆ. ಇನ್ನು ಎಡದಿಂದ ಬಲಕ್ಕೆ ಹರಿಯಿರಿ. ಅಂಕುಡೊಂಕಾಗಿ, ತನಗೆ ತೋಚಿದ ಕಡೆಗೆ ಹೋಗುತ್ತದೆ. ಕಾಗದವೆಂದರೆ ಸಣ್ಣ ಸಣ್ಣ ನಾರುಗಳು ಒಂದಕ್ಕೊಂದು ಹೆಣೆದುಕೊಂಡು ಒಣಗಿದ ಹಾಳೆ. ಯಂತ್ರದ ಮೇಲೆ ಅದು ಹರಿದು ಬರುವಾಗ ಹೆಚ್ಚಿನ ನಾರುಗಳು ಯಂತ್ರ ಓಡುವ ದಿಕ್ಕಿಗೇ ತಲೆಯಿಟ್ಟು ಮಲಗುತ್ತವೆ. ಆ ಜಾಡಿನಲ್ಲಿ ಹರಿದರೆ ನೇರ, ಅಡ್ಡಕ್ಕೆ ಹರಿದರೆ ಸೊಟ್ಟ. ಮಡಿಕೆಯೂ ಹಾಗೆಯೇ. ಜಾಡಿನ ಉದ್ದಕ್ಕೆ ಮಡಿಸಿದರೆ ಚೊಕ್ಕವಾಗಿ ಕೂರುತ್ತದೆ. ಕತ್ತರಿಯಿಲ್ಲದೆ ಉದ್ದನೆಯ ಪಟ್ಟಿ ಬೇಕಾದಾಗ ಈ ಗುಟ್ಟು ಬಹಳ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಪರೀಕ್ಷೆ ಮಕ್ಕಳ ಮುಂದೆ ಮಾಡಿ ತೋರಿಸುವಂಥದು. ಎರಡು ದಪ್ಪ ಪುಸ್ತಕಗಳ ನಡುವೆ ಒಂದು ಗೇಣು ಅಂತರ ಬಿಟ್ಟು, ಅವುಗಳ ಮೇಲೆ ಬರೆಯುವ ಹಾಳೆಯೊಂದನ್ನು ಸೇತುವೆಯಂತೆ ಇಡಿ. ಬಳಪದ ಕಡ್ಡಿಯ ಭಾರಕ್ಕೇ ಅದು ಜೋಲುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯಂತೆ ಕಿರಿದಾಗಿ ನೆರಿಗೆ ಹಿಡಿದು ಮತ್ತೆ ಇಡಿ. ಈಗ ಒಂದು ಖಾಲಿ ಲೋಟವನ್ನು ಅದರ ಮೇಲಿಟ್ಟರೂ ನಿಲ್ಲುತ್ತದೆ. ಕಾಗದ ಅದೇ, ತೂಕ ಅದೇ. ಬಲ ಬಂದದ್ದು ಮಡಿಕೆಯಿಂದ. ಅಂಗಡಿಯಿಂದ ಬರುವ ರಟ್ಟಿನ ಪೆಟ್ಟಿಗೆಯ ಒಳಪದರವನ್ನು ಬಿಚ್ಚಿ ನೋಡಿದರೆ ಅಲ್ಲಿಯೂ ಇದೇ ನೆರಿಗೆ ಕಾಣುತ್ತದೆ. ಜಪಾನಿನ ಕೋರ್ಯೋ ಮಿಯುರ ಎಂಬ ವಿಜ್ಞಾನಿ ಯೋಚಿಸಿದ ಒಂದು ಬಗೆಯ ಮಡಿಕೆಯು 1995ರಲ್ಲಿ ಆ ದೇಶದ ಕೃತಕ ಉಪಗ್ರಹವೊಂದರ ಸೌರಫಲಕವನ್ನು ಮಡಿಸಿಕೊಂಡು ಆಕಾಶಕ್ಕೇ ಹೋಯಿತು.

ಈಗ ಬುಟ್ಟಿಯ ವಿಷಯಕ್ಕೆ ಬರೋಣ. ಬಿದಿರಿನ ಮೊರಕ್ಕೂ ಬುಟ್ಟಿಗೂ ಸಂದು ಮುಚ್ಚಲೆಂದು ಮೆಂತ್ಯ ಮತ್ತು ಕಾಗದದ ಮುದ್ದೆಯನ್ನು ಬಳಿಯುವ ರೂಢಿ ನಮ್ಮ ಕಡೆಯ ಮನೆಗಳಲ್ಲಿತ್ತು. ಅದೇ ಮುದ್ದೆಯಿಂದ ಬಿದಿರಿನ ಆಸರೆಯಿಲ್ಲದೆಯೇ ಬುಟ್ಟಿ, ತಟ್ಟೆ, ಡಬ್ಬಿಗಳನ್ನೂ ಮಾಡುತ್ತಿದ್ದರು. ಪ್ಲಾಸ್ಟಿಕ್ ಬಂದ ಮೇಲೆ ಇದು ಹಿಂದೆ ಸರಿಯಿತು. ಬರೆದಿಟ್ಟ ವಿದ್ಯೆಯಲ್ಲವಾದ್ದರಿಂದ, ಬಲ್ಲವರ ಕೈಯಿಂದ ಇನ್ನೊಬ್ಬರ ಕೈಗೆ ದಾಟದಿದ್ದರೆ ಅಲ್ಲಿಗೆ ಮುಗಿಯಿತು.

ಕಾಲು ಕಿಲೋದಷ್ಟು ಪತ್ರಿಕೆಯನ್ನು ಬೆರಳುಗುರಿನಷ್ಟು ಚಿಕ್ಕ ಚೂರುಗಳಾಗಿ ಹರಿಯಿರಿ. ಇದು ಮಕ್ಕಳು ಸಂತೋಷದಿಂದ ಮಾಡುವ ಕೆಲಸ. ನುಣುಪಾದ, ಹೊಳೆಯುವ ವಾರಪತ್ರಿಕೆಯ ಹಾಳೆಗಳು ಬೇಡ. ಅವುಗಳ ಮೇಲೆ ಬಿಳಿಯ ಜೇಡಿಯ ಲೇಪವಿರುತ್ತದೆ, ಸರಿಯಾಗಿ ನೆನೆಯುವುದಿಲ್ಲ. ಚೂರುಗಳನ್ನು ಬಕೆಟ್ಟಿನಲ್ಲಿ ಹಾಕಿ ಮುಳುಗುವಷ್ಟು ನೀರು ಹೊಯ್ದು ಎರಡು ರಾತ್ರಿ ಬಿಡಿ. ನಡುವೆ ಒಂದೆರಡು ಸಲ ನೀರು ಬದಲಿಸಿದರೆ ಮಸಿಯ ಕಪ್ಪು ಸ್ವಲ್ಪ ಹೋಗುತ್ತದೆ, ವಾಸನೆಯೂ ಬರುವುದಿಲ್ಲ. ಒಂದು ಹಿಡಿ ಮೆಂತ್ಯವನ್ನು ಬೇರೆಯಾಗಿ ಒಂದು ರಾತ್ರಿ ನೆನೆಹಾಕಿ ನುಣ್ಣಗೆ ರುಬ್ಬಿಟ್ಟುಕೊಳ್ಳಿ. ನೆನೆದ ಮೆಂತ್ಯದ ಲೋಳೆಯೇ ಇಲ್ಲಿ ಅಂಟು. ಅದರ ಕಹಿಗೆ ಹುಳು ಹತ್ತಿರ ಬರುವುದು ಕಡಮೆ ಎಂದು ಹಿರಿಯರು ಹೇಳುತ್ತಾರೆ.

ನೆನೆದ ಕಾಗದವನ್ನು ಹಿಂಡಿ ಒರಳಿನಲ್ಲಿ ಕುಟ್ಟಬೇಕು. ಒರಳಿಲ್ಲದವರು ಮಿಕ್ಸಿಗೆ ಧಾರಾಳವಾಗಿ ನೀರು ಸೇರಿಸಿ ಸ್ವಲ್ಪ ಸ್ವಲ್ಪವಾಗಿ ತಿರುಗಿಸಬಹುದು. ನೀರು ಕಡಮೆಯಾದರೆ ಯಂತ್ರ ಬಿಸಿಯಾಗಿ ಕೆಡುವ ಭಯವುಂಟು. ಬಳಿಕ ತೆಳುಬಟ್ಟೆಯಲ್ಲಿ ಹಿಂಡಿ, ಮೆಂತ್ಯದ ಹಿಟ್ಟು ಸೇರಿಸಿ ಚೆನ್ನಾಗಿ ನಾದಿ. ಚಕ್ಕುಲಿ ಹಿಟ್ಟಿನ ಹದಕ್ಕೆ ಬರಬೇಕು. ಹಿಡಿಯಲ್ಲಿ ಒತ್ತಿದರೆ ನೀರು ತೊಟ್ಟಿಕ್ಕಬಾರದು, ಉಂಡೆ ಒಡೆಯಲೂ ಬಾರದು.

ಅಚ್ಚಿಗೆ ಬಾಯಿ ಅಗಲವಾದ ಬೋಗುಣಿ ಬೇಕು. ತಂಬಿಗೆ, ಕೊಡ ಒದಗುವುದಿಲ್ಲ. ಕುತ್ತಿಗೆ ಕಿರಿದಾದ್ದರಿಂದ ಒಣಗಿದ ಬುಟ್ಟಿ ಹೊರಗೆ ಬರಲಾರದು. ಬೋಗುಣಿಯನ್ನು ಬೋರಲು ಹಾಕಿ, ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ. ಮುದ್ದೆಯನ್ನು ತಳದಿಂದ ಆರಂಭಿಸಿ ಅಂಚಿನ ಕಡೆಗೆ ತಟ್ಟುತ್ತ ಬನ್ನಿ. ಅಕ್ಕಿರೊಟ್ಟಿ ತಟ್ಟಿ ಬಲ್ಲ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದಪ್ಪ ಎಲ್ಲ ಕಡೆಗೂ ಅರ್ಧ ಬೆರಳಿನಷ್ಟಿರಲಿ. ಅಂಚು ಸ್ವಲ್ಪ ಹೆಚ್ಚೇ ಇರಲಿ, ಏಕೆಂದರೆ ಮೊದಲು ಮುರಿಯುವುದು ಅದು.

ಈ ಕೆಲಸದ ನಾಜೂಕೆಲ್ಲ ಒಣಗಿಸುವುದರಲ್ಲಿದೆ. ನೀರು ಆರುತ್ತ ಬಂದಂತೆ ಮುದ್ದೆ ಕುಗ್ಗುತ್ತದೆ. ಒಳಗಿನ ಬೋಗುಣಿ ಕುಗ್ಗುವುದಿಲ್ಲ. ಪೂರ್ತಿ ಒಣಗುವವರೆಗೆ ಅಚ್ಚಿನ ಮೇಲೆಯೇ ಬಿಟ್ಟರೆ ಬುಟ್ಟಿ ಬಿಗಿದು ಬಿರುಕು ಬಿಡುತ್ತದೆ. ಆದುದರಿಂದ ಒಂದು ದಿನ ನೆರಳಿನಲ್ಲಿಟ್ಟು, ಮೇಲ್ಮೈ ಗಟ್ಟಿಯಾಗಿ ಒಳಗೆ ಇನ್ನೂ ತೇವವಿರುವಾಗ, ಬಟ್ಟೆಯ ಸಮೇತ ಮೆಲ್ಲನೆ ಎತ್ತಿ ಬಟ್ಟೆಯನ್ನು ಬಿಡಿಸಿ. ಆಮೇಲೆ ಬಿಸಿಲಿಗಿಡಿ. ಮೂರು ನಾಲ್ಕು ದಿನ ಒಳ್ಳೆಯ ಬಿಸಿಲು ಬೇಕು. ಮಳೆಗಾಲದಲ್ಲಿ, ಅದರಲ್ಲಿಯೂ ಮಲೆನಾಡು, ಕರಾವಳಿಯ ಊರುಗಳಲ್ಲಿ, ಇದಕ್ಕೆ ಕೈಹಾಕಬೇಡಿ. ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಒಣಗಿದೆಯೇ ಎಂದು ತಿಳಿಯಲು ಬೆರಳಿನಿಂದ ತಟ್ಟಿ. ತೇವವಿದ್ದರೆ ಮಂಕಾದ ಸದ್ದು. ಒಣಗಿದ್ದರೆ ಟಕಟಕ ಎನ್ನುತ್ತದೆ.

ಕಾಶ್ಮೀರದ ಪ್ರಸಿದ್ಧ ಕಾಗದದ ಮುದ್ದೆಯ ಕೆಲಸವೂ ಮೂಲದಲ್ಲಿ ಇದೇ. ಅಲ್ಲಿ ಮೆಂತ್ಯದ ಬದಲು ಅನ್ನದ ಗಂಜಿ ಸೇರಿಸುತ್ತಾರೆ. ಆಕಾರ ಮಾಡುವ ಕೆಲಸಕ್ಕೆ ಸಖ್ತ್‌ಸಾಜಿ ಎಂದೂ, ಮೇಲೆ ಬಣ್ಣದ ಚಿತ್ರ ಬರೆಯುವ ಕೆಲಸಕ್ಕೆ ನಕ್ಕಾಶಿ ಎಂದೂ ಹೆಸರು; ಎರಡಕ್ಕೂ ಬೇರೆ ಬೇರೆ ಕೈ. ಇನ್ನೂ ಹಿಂದಕ್ಕೆ ಹೋದರೆ, ಚೀನದ ಅರಮನೆಯ ಅಧಿಕಾರಿ ಚಾಯ್ ಲುನ್ ಕ್ರಿ.ಶ. 105ರಲ್ಲಿ ಕಾಗದವನ್ನು ಅರಸನ ಮುಂದಿಟ್ಟನೆಂದು ಆ ದೇಶದ ಇತಿಹಾಸ ಹೇಳುತ್ತದೆ. ಅವನು ಬಳಸಿದ್ದು ಮರದ ತೊಗಟೆ, ಹರಕು ಬಟ್ಟೆ, ಹಳೆಯ ಮೀನುಬಲೆ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಗಿರಣಿಯಲ್ಲಿ ಬಿದಿರನ್ನೂ ಕಬ್ಬಿನ ಸಿಪ್ಪೆಯನ್ನೂ ಮುದ್ದೆ ಮಾಡುತ್ತಿದ್ದರು. ಹಳೆಯದನ್ನು ನೆನೆಸಿ, ಕುಟ್ಟಿ, ಹೊಸದು ಮಾಡುವುದರಲ್ಲಿ ನಿಮ್ಮ ಬಕೆಟ್ಟಿಗೂ ಆ ಗಿರಣಿಗೂ ವಿಶೇಷ ಅಂತರವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಹಿಂದಿನವರ ರೂಢಿಯನ್ನು ನಾವು ಹಾಗೆಯೇ ಅನುಸರಿಸಬಾರದು. ಅವರು ಇಂಥ ಬುಟ್ಟಿಗಳಲ್ಲಿ ಹಿಟ್ಟು, ಬೇಳೆ ತುಂಬಿಡುತ್ತಿದ್ದುದುಂಟು. ಅಚ್ಚಿನ ಮಸಿಯಲ್ಲಿ ಹೊಟ್ಟೆಗೆ ಹೋಗಬಾರದ ಪದಾರ್ಥಗಳಿವೆ. ಪತ್ರಿಕೆಯಲ್ಲಿ ತಿಂಡಿ ಕಟ್ಟಿಕೊಡಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿ ಎಚ್ಚರಿಕೆ ಕೊಟ್ಟಿತು. ಎಷ್ಟು ನೀರು ಬದಲಿಸಿದರೂ ಮಸಿ ಪೂರ್ತಿ ಹೋಗುವುದಿಲ್ಲ. ಪತ್ರಿಕೆಯ ಬುಟ್ಟಿಯಲ್ಲಿ ಬೀಗದ ಕೈ, ದಾರದ ಉಂಡೆ, ಕಾಗದಪತ್ರ, ಮಕ್ಕಳ ಬಣ್ಣದ ಕಡ್ಡಿಗಳಿರಲಿ. ಮೊರಕ್ಕೆ ಬಳಿಯಲೇಬೇಕೆಂದಿದ್ದರೆ ಅಚ್ಚಾಗದ ಬಿಳಿಯ ಕಾಗದವನ್ನು ಹುಡುಕಿಕೊಳ್ಳಿ. ಇದು ಹೆಚ್ಚಿನ ಶ್ರಮ ನಿಜ. ಆದರೆ ಮನೆಯವರೆಲ್ಲ ಉಣ್ಣುವ ಹಿಟ್ಟಿನ ಮಾತು.

ಹಾಳೆ ಅಂಟಿಸಲು ಮನೆಯ ಅಂಟೇ ಸಾಕು. ಎರಡು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಲೋಟ ನೀರಿನೊಡನೆ ಸಣ್ಣ ಉರಿಯ ಮೇಲೆ ತಿರುವುತ್ತಿರಿ. ಪಾರದರ್ಶಕವಾಗಿ ಮಂದವಾದಾಗ ಇಳಿಸಿ. ಪುಸ್ತಕ ಕಟ್ಟುವವರು ಹುಳು ಬಾರದಂತೆ ಇದಕ್ಕೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ. ಮಕ್ಕಳು ಕೈಯಾಡಿಸುವ ಅಂಟಿಗೆ ಖಂಡಿತ ಬೇಡ. ಎರಡು ದಿನಕ್ಕೆ ಬೇಕಾದಷ್ಟನ್ನೇ ಮಾಡಿಕೊಂಡರೆ ಆಯಿತು. ಬುಟ್ಟಿ ಒಣಗಿದ ಮೇಲೆ ಈ ಅಂಟಿನಿಂದ ಬಿಳಿಯ ಹಾಳೆಯ ಚೂರುಗಳನ್ನು ಒಳಗೂ ಹೊರಗೂ ಹಚ್ಚಿ, ಅದರ ಮೇಲೆ ಕೆಮ್ಮಣ್ಣು ಬಳಿದು ಬಿಳಿಯ ರಂಗೋಲಿಯ ಎಳೆ ಬರೆದರೆ, ದಸರೆಯ ಗೊಂಬೆಗಳ ಸಾಲಿನಲ್ಲಿ ಇಡುವಂತಾಗುತ್ತದೆ.

ಉಳಿದ ಅಂಟಿನಲ್ಲಿ ದೀಪಾವಳಿಯ ಆಕಾಶಬುಟ್ಟಿಯೊಂದನ್ನು ಮಾಡಬಹುದು. ಬಿದಿರು ಸೀಳಿ ಕಟ್ಟುವ ದೊಡ್ಡ ಬುಟ್ಟಿ ದೊಡ್ಡವರ ಕೆಲಸ. ಚಿಕ್ಕವರಿಗೆ ಇದು ಸಾಕು. ದಪ್ಪನೆಯ ಬಣ್ಣದ ಹಾಳೆಯನ್ನು ಉದ್ದುದ್ದಕ್ಕೆ ಎರಡಾಗಿ ಮಡಿಸಿ, ಮಡಿಕೆಯ ಕಡೆಯಿಂದ ಬೆರಳಗಲಕ್ಕೊಂದರಂತೆ ಕತ್ತರಿಸುತ್ತ ಹೋಗಿ. ಎದುರಿನ ಅಂಚಿನಲ್ಲಿ ಎರಡು ಬೆರಳು ಕತ್ತರಿಸದೆ ಬಿಡಬೇಕು. ಹಾಳೆಯನ್ನು ಬಿಡಿಸಿ, ಕೊಳವೆಯಂತೆ ಸುತ್ತಿ ಅಂಟಿಸಿ, ಮೇಲಿನಿಂದ ಮೆಲ್ಲನೆ ಒತ್ತಿದರೆ ನಡು ಉಬ್ಬಿ ಬುಟ್ಟಿಯಾಗುತ್ತದೆ. ಮೇಲೊಂದು ಪಟ್ಟಿ ಅಂಟಿಸಿದರೆ ಹಿಡಿ. ಇದರೊಳಗೆ ಹಣತೆಯಾಗಲಿ, ಮೇಣದ ಬತ್ತಿಯಾಗಲಿ, ಬಿಸಿಯಾಗುವ ಹಳೆಯ ಬಗೆಯ ಬಲ್ಬಾಗಲಿ ಬೇಡ. ಬ್ಯಾಟರಿಯಿಂದ ಉರಿಯುವ ಸಣ್ಣ ಎಲ್‌ಇಡಿ ದೀಪ ಸಾಕು. ಹಣತೆಗಳ ಸಾಲು ಬಾಗಿಲ ಹೊಸ್ತಿಲಲ್ಲಿರಲಿ, ಕಾಗದ ಅದರಿಂದ ದೂರವಿರಲಿ.

ಇನ್ನು ಬುಟ್ಟಿ ಎಷ್ಟು ಕಾಲ ಬಾಳುತ್ತದೆಂದು ನೀವು ಕೇಳಬಹುದು. ನೀರು ಸೋಕದಿದ್ದರೆ ವರ್ಷಗಟ್ಟಲೆ ಇರುತ್ತದೆ. ವರ್ಷಕ್ಕೊಮ್ಮೆ, ಬೇಸಗೆಯಲ್ಲಿ ಹಪ್ಪಳ ಸಂಡಿಗೆ ಒಣಗಿಸುವ ದಿನಗಳಲ್ಲಿ, ಅದನ್ನೂ ಒಂದು ದಿನ ಬಿಸಿಲಿಗಿಡಿ. ಅಂಚು ಮುರಿದರೆ ಎಸೆಯಬೇಕಾಗಿಲ್ಲ. ಮುರಿದ ಜಾಗಕ್ಕೆ ನೀರು ಚಿಮುಕಿಸಿ, ಒಂದು ಹಿಡಿ ಹೊಸ ಮುದ್ದೆ ಮೆತ್ತಿ, ಹಳೆಯದರೊಡನೆ ಸೇರುವಂತೆ ಒದ್ದೆ ಬೆರಳಿನಿಂದ ಸವರಿ ಒಣಗಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ.