ಆಟಿಸಂ: ಇದು ತಾಯಿ ತಪ್ಪಲ್ಲ, ‘ಪೂರ್ತಿ ವಾಸಿ ಮಾಡ್ತೀವಿ’ ಅನ್ನೋರಿಗೆ ದುಡ್ಡು ಕೊಡೋ ಮುಂಚೆ ಇಷ್ಟು ಗೊತ್ತಿರಲಿ

ಮರಳವಾಡಿ: ಮಗುವಿಗೆ ಮೂರು ವರ್ಷ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡಲ್ಲ. ಬರ್ತಿದ್ದ ನಾಲ್ಕು ಮಾತೂ ನಿಂತಿದೆ. ಆಟದ ಕಾರು ಕೊಟ್ಟರೆ ಓಡಿಸೋದು ಬಿಟ್ಟು ಚಕ್ರ ಮಾತ್ರ ತಿರುಗಿಸುತ್ತಾ ಕೂರುತ್ತದೆ. ಮಿಕ್ಸಿ ಸದ್ದಾದರೆ ಕಿವಿ ಮುಚ್ಚಿಕೊಂಡು ಅಳುತ್ತದೆ.

ಇಂಥ ಮಗು ಇರುವ ಮನೆಗೆ ಡಾಕ್ಟರ್‌ಗಿಂತ ಮೊದಲು ಬರೋದು ಊರ ಮಾತು. ‘ಬಸುರಿಯಲ್ಲಿ ಗ್ರಹಣ ನೋಡಿರಬೇಕು’, ‘ಮೊಬೈಲ್ ಕೊಟ್ಟು ಕೆಡಿಸಿದಳು’, ‘ಇಂಜೆಕ್ಷನ್ ಹಾಕಿಸಿದ ಮೇಲೆ ಹಿಂಗಾಯ್ತು’. ಅದರ ಹಿಂದೆಯೇ ಇನ್ನೊಂದು: ‘ಸಿಟಿಯಲ್ಲಿ ಯಾರೋ ಪೂರ್ತಿ ವಾಸಿ ಮಾಡ್ತಾರಂತೆ, ಖರ್ಚು ಸ್ವಲ್ಪ ಜಾಸ್ತಿ’. ಮೊದಲ ಮಾತು ತಾಯಿಯನ್ನು ಕುಗ್ಗಿಸುತ್ತದೆ, ಎರಡನೆಯದು ಜಮೀನು, ಒಡವೆ ಅಡ ಇಡಿಸುತ್ತದೆ. ವಿಜ್ಞಾನ ಏನು ಹೇಳುತ್ತೆ ಅನ್ನೋದು ಇಲ್ಲಿದೆ.

ತಾಯಿ ಮೇಲಿನ ಆರೋಪ ಬಿದ್ದುಹೋಗಿದ್ದು ಹೇಗೆ?

ಆಟಿಸಂ ಬಗ್ಗೆ 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ವಿವರವಾಗಿ ಬರೆದರು. ಆಮೇಲೆ ಹಲವು ವರ್ಷ ಅಲ್ಲಿನ ತಜ್ಞರೇ ‘ತಾಯಿ ಪ್ರೀತಿ ತೋರಿಸದೆ ಮಗು ಹೀಗಾಯಿತು’ ಎನ್ನುತ್ತಿದ್ದರು. ನಮ್ಮೂರಲ್ಲಿ ಮಾತ್ರ ಅಲ್ಲ, ಅಲ್ಲೂ ಬೆರಳು ತೋರಿಸಿದ್ದು ತಾಯಿ ಕಡೆಗೇ.

1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ ಬ್ರಿಟನ್ನಿನ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಎಲ್ಲ ಜೋಡಿಯಲ್ಲೂ ಒಬ್ಬರಿಗಾದರೂ ಆಟಿಸಂ ಇತ್ತು. ತದ್ರೂಪಿ ಅವಳಿಗಳ 11 ಜೋಡಿಯಲ್ಲಿ 4ರಲ್ಲಿ ಇಬ್ಬರಿಗೂ ಇತ್ತು. ತದ್ರೂಪಿಯಲ್ಲದ 10 ಜೋಡಿಯಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಎರಡೂ ಕಡೆ ಮಕ್ಕಳು ಅದೇ ತಾಯಿ, ಅದೇ ಮನೆಯಲ್ಲಿ ಬೆಳೆದವರು. ದೊಡ್ಡ ವ್ಯತ್ಯಾಸ ಇದ್ದದ್ದು ಜೀನ್‌ಗಳಲ್ಲಿ. 2019ರಲ್ಲಿ ಐದು ದೇಶಗಳ 20 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ ಅಧ್ಯಯನವು, ಆಟಿಸಂ ಕೆಲವರಿಗೆ ಬಂದು ಕೆಲವರಿಗೆ ಬಾರದಿರುವುದಕ್ಕೆ ಸುಮಾರು ಶೇ 80ರಷ್ಟು ಪಾಲು ಅನುವಂಶೀಯತೆಯದು ಎಂದಿತು.

ಲಸಿಕೆಯ ಗುಮಾನಿ ಹುಟ್ಟಿದ್ದು 1998ರಲ್ಲಿ ಕೇವಲ 12 ಮಕ್ಕಳ ಮೇಲೆ ಬರೆದ ಒಂದು ಲೇಖನದಿಂದ. ಅದನ್ನು ಪ್ರಕಟಿಸಿದ ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಲೇಖನ ವಾಪಸ್ ಪಡೆಯಿತು. ಮೊಬೈಲ್ ಜಾಸ್ತಿಯಾದರೆ ಮಾತು ಕಲಿಯೋದು ನಿಧಾನ ಆಗಬಹುದು, ಅದನ್ನು ಕಡಿಮೆ ಮಾಡಬೇಕು ನಿಜ. ಆದರೆ ಆಟಿಸಂನ ಬೇರು ಇರೋದು ಹುಟ್ಟುವ ಮೊದಲೇ ಮೆದುಳು ಬೆಳೆಯುವ ರೀತಿಯಲ್ಲಿ.

ಒಂದು ಜೀನ್ ಅಲ್ಲ, ನೂರಾರು

ರೇಷ್ಮೆ ಸಾಕುವವರಿಗೆ ಇದು ಬೇಗ ಅರ್ಥ ಆಗುತ್ತೆ. ಬೈವೋಲ್ಟಿನ್ ಗೂಡು ಬಿಳಿ, ಮೈಸೂರು ತಳಿಯ ಮಿಶ್ರ ಗೂಡು ಹಳದಿ. ಬಣ್ಣವನ್ನು ತೀರ್ಮಾನ ಮಾಡೋದು ಕೆಲವೇ ಜೀನ್‌ಗಳು. ಆದರೆ ನೂರು ಮೊಟ್ಟೆಗೆ ಎಷ್ಟು ಕೆಜಿ ಗೂಡು ಬರುತ್ತೆ ಅನ್ನೋದು ಒಂದು ಜೀನ್‌ನಿಂದ ಆಗಲ್ಲ. ಅದಕ್ಕೆ ಎಷ್ಟೋ ಜೀನ್‌ಗಳು ಸೇರಬೇಕು, ಜೊತೆಗೆ ಸೊಪ್ಪು, ಮನೆಯ ಶಾಖ ಎಲ್ಲ ಲೆಕ್ಕಕ್ಕೆ ಬರುತ್ತೆ. ಆಟಿಸಂ ಗೂಡಿನ ಬಣ್ಣದ ಥರ ಅಲ್ಲ, ಇಳುವರಿ ಥರ.

ಆಟಿಸಂಗೆ ಬಲವಾಗಿ ನಂಟಿರುವ 100ಕ್ಕೂ ಹೆಚ್ಚು ಜೀನ್‌ಗಳು ಈಗಾಗಲೇ ಸಿಕ್ಕಿವೆ. ಕೆಲವು ಮಕ್ಕಳಲ್ಲಿ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಬದಲಾವಣೆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ‘ಸೊಸೆ ಕಡೆಯಿಂದ ಬಂತು’ ಅನ್ನೋದಕ್ಕೆ ಅಲ್ಲಿ ಅರ್ಥವೇ ಇಲ್ಲ. ತಂದೆಯ ವಯಸ್ಸು ಹೆಚ್ಚಾದಷ್ಟೂ ಇಂಥ ಹೊಸ ಬದಲಾವಣೆ ಹೆಚ್ಚು. ಫ್ರಜೈಲ್ ಎಕ್ಸ್‌ನಂಥ ಕೆಲವು ಕಾರಣಗಳನ್ನು ರಕ್ತ ಪರೀಕ್ಷೆಯಲ್ಲಿ ಕಂಡುಹಿಡಿಯಬಹುದು. ಹೆಚ್ಚಿನ ಮಕ್ಕಳಲ್ಲಿ ‘ಇದೇ ಕಾರಣ’ ಅಂತ ಒಂದನ್ನು ತೋರಿಸಲು ಆಗಲ್ಲ.

ಸೋದರಮಾವನ ಜೊತೆ ಮದುವೆ ನಮ್ಮ ಕಡೆ ಮಾಮೂಲಿ. ರಕ್ತಸಂಬಂಧದಲ್ಲಿ ಮದುವೆಯಾದರೆ ಅಪರೂಪದ ಒಂದೇ ದೋಷ ಇಬ್ಬರಿಂದಲೂ ಮಗುವಿಗೆ ಬರುವ ಸಾಧ್ಯತೆ ಹೆಚ್ಚುತ್ತದೆ. ಆಟಿಸಂ ಇರುವ ಕೆಲವು ಕುಟುಂಬಗಳಲ್ಲಿ ಹೀಗಾಗಿದ್ದು ಕಂಡಿದೆ. ಹಾಗಂತ ಸಂಬಂಧದಲ್ಲಿ ಆಗದವರ ಮಕ್ಕಳಿಗೆ ಬರಲ್ಲ ಅಂತಲ್ಲ. ಒಂದು ಮಗುವಿಗೆ ಆಟಿಸಂ ಇದ್ದರೆ ಮುಂದಿನ ಮಗುವಿಗೂ ಬರುವ ಸಾಧ್ಯತೆ ಸುಮಾರು 5ರಲ್ಲಿ 1. ಎರಡನೇ ಮಗು ಯೋಚನೆ ಮಾಡುವವರು ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿಕೊಂಡರೆ ಒಳ್ಳೆಯದು.

ವಾಸಿ ಆಗಬೇಕಾ? ಎರಡು ಅಭಿಪ್ರಾಯ

ಕಾರಣ ಗೊತ್ತಾದರೆ ಔಷಧಿ ಸಿಗುತ್ತೆ ಅನ್ನೋದು ಒಂದು ಆಸೆ. ಈ ಆಸೆಯ ಕಥೆಯಲ್ಲಿ ನಮ್ಮ ಮೈಸೂರು, ಬೆಂಗಳೂರೂ ಇವೆ. ಮಾತು ಬಾರದ ಟಿಟೊ ಮುಖೋಪಾಧ್ಯಾಯ ಎಂಬ ಹುಡುಗ ಈ ಎರಡು ಊರುಗಳಲ್ಲಿ ಬೆಳೆದ. ತಾಯಿ ಸೋಮಾ ಅವನಿಗೆ ಅಕ್ಷರ ಕಲಿಸಿದರು. 2000ದಲ್ಲಿ ಅವನ ಪುಸ್ತಕ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಮರುವರ್ಷ ತಾಯಿ ಮಗನನ್ನು ಅಮೆರಿಕಕ್ಕೆ ಕರೆಸಿಕೊಂಡ ಸಂಸ್ಥೆಯ ಹೆಸರು ‘ಕ್ಯೂರ್ ಆಟಿಸಂ ನೌ’, ಅಂದರೆ ‘ಆಟಿಸಂ ಈಗಲೇ ವಾಸಿ ಮಾಡಿ’. ಪೋಷಕರೇ ಕಟ್ಟಿದ ಈ ಸಂಸ್ಥೆ ಆಟಿಸಂ ಇರುವ ಕುಟುಂಬಗಳ ಡಿಎನ್‌ಎ ಸಂಗ್ರಹಿಸಿ ವಿಜ್ಞಾನಿಗಳಿಗೆ ಕೊಡುತ್ತಿತ್ತು. ಮುಂದೆ ಅದು ‘ಆಟಿಸಂ ಸ್ಪೀಕ್ಸ್’ ಎಂಬ ದೊಡ್ಡ ಸಂಸ್ಥೆಯಲ್ಲಿ ವಿಲೀನವಾಯಿತು. ಆ ಸಂಸ್ಥೆ 2016ರಲ್ಲಿ ತನ್ನ ಗುರಿಗಳಿಂದ ‘ವಾಸಿ ಮಾಡುವುದು’ ಎಂಬ ಮಾತನ್ನೇ ತೆಗೆದುಹಾಕಿತು. (ಸೋಮಾ ಅವರ ಕಲಿಕಾ ವಿಧಾನದ ಬಗ್ಗೆಯೂ ತಕರಾರಿದೆ. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಅದನ್ನು ಬಳಸಬೇಡಿ ಎಂದಿದೆ.)

ಆ ಮಾತು ಯಾಕೆ ಬಿಟ್ಟುಹೋಯಿತು? ಆಟಿಸಂ ಇರುವವರೇ ದೊಡ್ಡವರಾಗಿ ಮಾತಾಡಲು ಶುರು ಮಾಡಿದರು. ‘ಇದು ನಮಗೆ ಅಂಟಿದ ಕಾಯಿಲೆ ಅಲ್ಲ, ನಾವು ಇರೋದೇ ಹೀಗೆ. ನಮ್ಮನ್ನು ಬದಲಾಯಿಸೋದಕ್ಕಿಂತ ಬದುಕೋಕೆ ಸಹಾಯ ಮಾಡಿ’ ಅನ್ನೋದು ಅವರ ವಾದ. 2021ರಲ್ಲಿ ಬ್ರಿಟನ್ನಿನಲ್ಲಿ 10,000 ಜನರ ಡಿಎನ್‌ಎ ಸಂಗ್ರಹಿಸಲು ಹೊರಟ ಅಧ್ಯಯನವನ್ನು ಇವರ ವಿರೋಧದಿಂದ ಕೆಲವೇ ವಾರಗಳಲ್ಲಿ ತಡೆಹಿಡಿಯಬೇಕಾಯಿತು. ನಾಳೆ ಬಸುರಿಯಲ್ಲೇ ಪರೀಕ್ಷೆ ಮಾಡಿ ಇಂಥ ಮಕ್ಕಳು ಹುಟ್ಟದಂತೆ ಮಾಡಿದರೆ ಎಂಬುದು ಅವರ ಭಯ.

ಇನ್ನೊಂದು ಕಡೆ, ರಾತ್ರಿಯಿಡೀ ನಿದ್ದೆ ಮಾಡದೆ ತಲೆ ಚಚ್ಚಿಕೊಳ್ಳುವ, ಫಿಟ್ಸ್ ಬರುವ, ಹದಿನೈದು ವರ್ಷವಾದರೂ ಊಟ, ಸ್ನಾನ ತಾನೇ ಮಾಡಿಕೊಳ್ಳಲಾಗದ ಮಗುವಿನ ತಾಯಿ ‘ನಾನು ಸತ್ತ ಮೇಲೆ ಇವನ ಗತಿ ಏನು?’ ಅಂತ ಕೇಳುತ್ತಾಳೆ. ಅವಳಿಗೆ ‘ಇದು ಬರೀ ಒಂದು ಭಿನ್ನತೆ’ ಅಂದರೆ ಸಮಾಧಾನ ಆಗಲ್ಲ. ಆಟಿಸಂ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರೋದರಿಂದ ಇಬ್ಬರ ಮಾತೂ ಅವರವರ ಬದುಕಿಗೆ ನಿಜ. ಫಿಟ್ಸ್, ನಿದ್ದೆಗೆ ಔಷಧಿ ಬೇಕು ಅನ್ನೋದಕ್ಕೆ ಇಬ್ಬರ ವಿರೋಧವೂ ಇಲ್ಲ.

ವಾಸಿಯ ಹೆಸರಲ್ಲಿ ವ್ಯಾಪಾರ

ಆಟಿಸಂ ಅನ್ನೇ ತೆಗೆದುಹಾಕುವ ಔಷಧಿ ಇವತ್ತಿಗೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಆದರೂ ಸ್ಟೆಮ್ ಸೆಲ್ ಹೆಸರಲ್ಲಿ ಲಕ್ಷಗಟ್ಟಲೆ ವಸೂಲಿ ನಡೆದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಸೂಕ್ತವಲ್ಲ, ಅದನ್ನು ಪ್ರಚಾರ ಮಾಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ಹೇಳಿದೆ. ‘ಗ್ಯಾರಂಟಿ’ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರೋದೇ ಲೇಸು.

ಇಲ್ಲಿಂದ ಎಲ್ಲಿಗೆ ಹೋಗಬೇಕು?

ಗುಣ ಕಾಣಿಸೋದು ತರಬೇತಿಯಿಂದ. ಮಾತು, ಸನ್ನೆ, ಚಿತ್ರ ತೋರಿಸಿ ಕೇಳೋದು, ಬಟ್ಟೆ ಹಾಕಿಕೊಳ್ಳೋದು ಇವನ್ನೆಲ್ಲ ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ‘ಗಂಡು ಮಕ್ಕಳು ಮಾತಾಡೋದು ಲೇಟು’ ಅಂತ ಕಾಯುತ್ತಾ ಕೂರಬೇಡಿ.

- ಅಂಗನವಾಡಿ, ಶಾಲೆಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಮಗುವನ್ನು ತೋರಿಸಿ. ಮುಂದಿನ ತಪಾಸಣೆಗೆ ಅವರೇ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಬರೆದುಕೊಡುತ್ತಾರೆ.
- ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಾತಿನ ತರಬೇತಿ ಇದೆ. ಎರಡೂ ಸರ್ಕಾರಿ ಸಂಸ್ಥೆಗಳು.
- 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಯುಡಿಐಡಿ ಕಾರ್ಡ್ ಮಾಡಿಸಿ. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ ಬೇಕು.
- ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ಥೆರಪಿ ಸೇರಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಸಿಗುತ್ತದೆ.

ಇನ್ನು ಅಂಗಡಿಯವರಿಗೆ ಒಂದು ಮಾತು. ಅಮ್ಮನ ಜೊತೆ ಬಂದ ಮಗು ಸ್ಪೀಕರ್ ಸದ್ದಿಗೋ ಜನರ ಗದ್ದಲಕ್ಕೋ ನೆಲದ ಮೇಲೆ ಬಿದ್ದು ಕಿರುಚಿದರೆ ಅದು ಹಟ ಆಗಿರಲೇಬೇಕು ಅಂತಿಲ್ಲ. ಹಾಡು ಸ್ವಲ್ಪ ಸಣ್ಣಗೆ ಮಾಡಿ, ಅವಳ ಸಾಮಾನು ಮೊದಲು ಕಟ್ಟಿಕೊಡಿ. ‘ನಾಲ್ಕು ಬಿಟ್ಟರೆ ಸರಿಹೋಗುತ್ತೆ’ ಅನ್ನೋ ಸಲಹೆ ಅವಳು ಆಗಲೇ ಸಾಕಷ್ಟು ಕೇಳಿರುತ್ತಾಳೆ.