ಶೆಡ್ಡಿನ ಹಳೇ ಕಾರು ಮ್ಯೂಸಿಯಂ ದಾರಿ ಹಿಡಿದರೆ

ರಾತ್ರಿ ಮಲಗುವ ಮುಂಚೆ ಮೊಬೈಲ್ ನೋಡುವಾಗ ಇಂಥದೊಂದು ರೀಲ್ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಅಮೆರಿಕದ ಯಾವುದೋ ಖಾಲಿ ರಸ್ತೆ. ಬಾನೆಟ್ ಇಲ್ಲದ, ಮಡ್‌ಗಾರ್ಡ್ ಇಲ್ಲದ, ಚಾವಣಿ ತಗ್ಗಿಸಿದ ಎರಡು ಬಾಗಿಲಿನ ಕಾರು. ಎಂಜಿನ್ ಎಲ್ಲರಿಗೂ ಕಾಣುವಂತೆ ಹೊರಗೇ ಇದೆ. ಅದನ್ನು ಓಡಿಸಿಕೊಂಡು ಒಬ್ಬರು ಹಳೇ ಕಾರುಗಳ ಮ್ಯೂಸಿಯಂಗೆ ಹೊರಟಿದ್ದಾರೆ. ಈ ಬಗೆಯ ಕಾರಿಗೆ ಹಾಟ್ ರಾಡ್ ಅಂತ ಹೆಸರು. ಎರಡು ಬಾಗಿಲಿನದಾದರೆ ಕೂಪೆ.

ನಮ್ಮ ಅಕ್ಕೋಳ, ನಿಪ್ಪಾಣಿ, ಚಿಕ್ಕೋಡಿ, ಅಥಣಿ ಕಡೆಯವರಿಗೆ ಇದನ್ನು ನೋಡಿದಾಗ ನೆನಪಾಗುವುದು ಊರ ಮನೆಯ ಹಿಂದಿನ ಪತ್ರಾಸ್ ಶೆಡ್ಡು. ತಂಬಾಕಿಗೆ ಒಳ್ಳೇ ರೇಟು ಸಿಕ್ಕ ವರ್ಷ ಅಜ್ಜ ಕೊಂಡ ಪದ್ಮಿನಿಯೋ, ಅಂಬಾಸಡರ್ರೋ, ಜೀಪೋ ಒಂದೊಂದು ಮನೆಯಲ್ಲಿ ಇನ್ನೂ ನಿಂತಿರುತ್ತದೆ. ಮೇಲೆ ಹಳೇ ಚಾದರ, ಒಳಗೆ ಕೋಳಿ ಸಂಸಾರ. ಮನೆಯವರ ಪ್ರಶ್ನೆ ಒಂದೇ: “ಇದನ್ನ ಇನ್ನ ಎಷ್ಟ ದಿನಾ ಇಟಗೊಂಡ ಕುಂದ್ರತಿ?”

ಗುಜರಿಗೆ ಕೊಡಬೇಕಾ, ಹಾಟ್ ರಾಡ್ ಥರ ಬದಲಾಯಿಸಬೇಕಾ, ಇದ್ದಂತೆಯೇ ಉಳಿಸಬೇಕಾ? ಉತ್ತರ ಹುಡುಕುವ ಮುಂಚೆ ಹಾಟ್ ರಾಡ್ ಎಲ್ಲಿಂದ ಬಂತು ಅಂತ ನೋಡೋಣ.

ಅಲ್ಲಿ ವೇಗದ ಹುಚ್ಚು, ಇಲ್ಲಿ ಮೈಲೇಜಿನ ಹುಚ್ಚು

ಫೋರ್ಡ್ ಕಂಪನಿ 1932ರಲ್ಲಿ ಸಾಮಾನ್ಯರ ಕೈಗೆಟಕುವ ಬೆಲೆಯ ಕಾರಿಗೆ ವಿ-8 ಎಂಜಿನ್ ಹಾಕಿತು. 3.6 ಲೀಟರ್, 65 ಅಶ್ವಶಕ್ತಿ. ಕೆಲವೇ ವರ್ಷಗಳಲ್ಲಿ ಈ ಕಾರುಗಳು ಹಳತಾಗಿ ಅಗ್ಗಕ್ಕೆ ಸಿಗತೊಡಗಿದವು. ಕ್ಯಾಲಿಫೋರ್ನಿಯಾದ ಹುಡುಗರು ಅವನ್ನು ಕೊಂಡು, ತೂಕ ಕಮ್ಮಿ ಮಾಡಲು ಮಡ್‌ಗಾರ್ಡ್ ಕಿತ್ತು, ಗಾಳಿ ಸೀಳಲೆಂದು ಚಾವಣಿ ಕತ್ತರಿಸಿ ತಗ್ಗಿಸಿ, ಒಣಗಿದ ಕೆರೆಯ ಬಯಲಿನಲ್ಲಿ ಓಡಿಸಿದರು. ಈ ರೇಸುಗಳಿಗೆ ನಿಯಮ ಮಾಡಲು 1937ರಲ್ಲಿ ಒಂದು ಸಂಘ ಹುಟ್ಟಿತು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರ ಜೇಬಿನಲ್ಲಿ ಸಂಬಳದ ದುಡ್ಡಿತ್ತು, ಕೈಯಲ್ಲಿ ಮೆಕ್ಯಾನಿಕ್ ವಿದ್ಯೆ ಇತ್ತು. ಹುಚ್ಚು ಇನ್ನೂ ಹಬ್ಬಿತು. ‘ಹಾಟ್ ರಾಡ್’ ಹೆಸರಿನ ಪತ್ರಿಕೆ 1948ರ ಜನವರಿಯಲ್ಲಿ ಶುರುವಾಯಿತು. ಆ ಕಾಲದ ರೀತಿಯಲ್ಲೇ, ಆ ಕಾಲದ ಭಾಗಗಳನ್ನೇ ಹುಡುಕಿ ಕಟ್ಟಿದರೆ ಅದನ್ನು ಸಾಂಪ್ರದಾಯಿಕ ಹಾಟ್ ರಾಡ್ ಅನ್ನುತ್ತಾರೆ. ಗುಜರಿಯಿಂದ ಹುಟ್ಟಿದ ಈ ಕಾರುಗಳಿಗೆ ಈಗ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಮ್ಯೂಸಿಯಂ ಕೂಡ ಇದೆ.

ನಮ್ಮಲ್ಲಿ ಇದು ಯಾಕೆ ಬೆಳೆಯಲಿಲ್ಲ? ಕಾರಣ ಸರಳ. ನಮ್ಮಲ್ಲಿ ಕಾರು ಗುಜರಿಯಾಗುವಷ್ಟು ಅಗ್ಗ ಯಾವತ್ತೂ ಆಗಲಿಲ್ಲ. ಮುಂಬಯಿಯಲ್ಲಿ ಕಾರು ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟರ್ಸ್ ಎರಡೂ 1950ರ ದಶಕದ ನಡುವಿನಲ್ಲಿ ಬಾಗಿಲು ಹಾಕಿದವು. ಉಳಿದದ್ದು ಅಂಬಾಸಡರ್, ಫಿಯಟ್‌ನಂಥ ಎರಡು ಮೂರು ಹೆಸರು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ತಂದ ಕಾರಿನ ಚಾವಣಿ ಕತ್ತರಿಸಲು ಯಾರಿಗೆ ಮನಸ್ಸು ಬಂದೀತು? ಮೇಲಾಗಿ ಏಳೆಂಟು ಜನರ ಮನೆಗೆ ಎರಡು ಬಾಗಿಲಿನ ಕೂಪೆ ಯಾವ ಲೆಕ್ಕ?

ಹಾಗಂತ ನಮ್ಮವರು ಸ್ಪ್ಯಾನರ್ ಹಿಡಿಯದೆ ಕೂತಿರಲಿಲ್ಲ. ಪೆಟ್ರೋಲ್ ದುಬಾರಿಯಾದಾಗ ಅಂಬಾಸಡರ್‌ನ ಎಂಜಿನ್ ಇಳಿಸಿ ಮಟಾಡೋರ್‌ನ ಡೀಸೆಲ್ ಎಂಜಿನ್ ಕೂರಿಸಿದರು. ಜೀಪಿಗೂ ಅದೇ. ಅಲ್ಲಿಯ ಹುಡುಗ ಗಂಟೆಗೆ ಎಷ್ಟು ಮೈಲಿ ಅಂತ ಲೆಕ್ಕ ಹಾಕಿದರೆ, ಇಲ್ಲಿಯ ಕಾಕಾ ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಲೆಕ್ಕ ಹಾಕಿದ. ವೇಗದ ಹುರುಪು ನೋಡಬೇಕಾದರೆ ಜಾತ್ರೆಯ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆಗೆ ಹೋಗಿ. ಟ್ರೇಲರ್ ಸಮೇತ ಹಿಂದಕ್ಕೆ ಓಡಿಸುವ ಹುಡುಗರ ಕೈಚಳಕ ಯಾವ ರೇಸಿಗೂ ಕಮ್ಮಿ ಇಲ್ಲ.

ಕತ್ತರಿಸುವ ಮುಂಚೆ ಕಾನೂನು ಓದಿ

ಈಗ ದುಡ್ಡಿದೆ, ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಕೊಲ್ಲಾಪುರದ ಶಿವಾಜಿ ಉದ್ಯಮನಗರದಲ್ಲೋ ಬೇಕಾದ ಭಾಗ ಮಾಡಿಕೊಡುವ ಲೇಥ್ ಅಂಗಡಿಗಳಿವೆ. ಅಜ್ಜನ ಪದ್ಮಿನಿಯನ್ನೇ ಹಾಟ್ ರಾಡ್ ಮಾಡಿಬಿಡೋಣ ಅಂತ ಅನಿಸಬಹುದು. ಸ್ವಲ್ಪ ತಡೆಯಿರಿ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರ ಮೂಲ ವಿವರಣೆಗೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇಂಧನ ಬದಲಾವಣೆಯಂಥ ಕೆಲವಕ್ಕೆ ಆರ್‌ಟಿಓ ಅನುಮತಿಯ ದಾರಿ ಇದೆ. ಚಾವಣಿ ತಗ್ಗಿಸಿ, ಮಡ್‌ಗಾರ್ಡ್ ಕಿತ್ತು ಹೆದ್ದಾರಿಗೆ ಇಳಿಯಲು ದಾರಿ ಇಲ್ಲ.

ಇದ್ದಂತೆಯೇ ಉಳಿಸಿಕೊಂಡವರಿಗೆ 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮಗಳು ಅನುಕೂಲ ಮಾಡಿಕೊಟ್ಟಿವೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲದಂತೆ ಇರಬೇಕು. 1975ರಲ್ಲಿ ನೋಂದಣಿಯಾದ ಗಾಡಿಗೆ 2025ಕ್ಕೇ ಐವತ್ತು ತುಂಬಿತು. ಹೊಸದಾಗಿ ನೋಂದಾಯಿಸಲು 20,000 ರೂ., ಹತ್ತು ವರ್ಷದ ನಂತರ ಮತ್ತೆ ಮಾಡಿಸಲು 5,000 ರೂ. ಎಂದು ನಿಯಮ ಹೇಳಿತು. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ.

ಆದರೆ ಒಂದು ಷರತ್ತಿದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಇಂಧನ ತುಂಬಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಹಳೇ ಆರ್‌ಸಿ ಇನ್ನೂ ಜೀವಂತ ಇದ್ದರೆ, ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಮಾಮೂಲಿನಂತೆ ಓಡಿಸಬಹುದು. ಯಾವುದು ಬೇಕು ಅಂತ ಮೊದಲೇ ಯೋಚಿಸಿ, ಚಿಕ್ಕೋಡಿಯ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಂಡು ಮುಂದುವರಿಯಿರಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಅದಕ್ಕಿಂತ ಹಳೇ ಗಾಡಿಯಾದರೆ ಮೂಲ ದಾಖಲೆ ಅಲ್ಲಿಯದ್ದಿರುತ್ತದೆ. ಟ್ರಂಕಿನ ತಳದಲ್ಲಿರುವ ಹಳದಿಯಾದ ಕಾಗದವನ್ನು ರದ್ದಿಗೆ ಹಾಕಬೇಡಿ. ಗಾಡಿಯ ಅರ್ಧ ಬೆಲೆ ಅದರಲ್ಲೇ ಇದೆ.

ಎಲ್ಲಿಗೆ ಹೋಗೋಣ?

ಎಲ್ಲಕ್ಕಿಂತ ಹತ್ತಿರದ ಪಾಠ ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಲಾಪುರದಲ್ಲಿದೆ. ಅಲ್ಲಿಯ ಛತ್ರಪತಿ ಮನೆತನದವರು ವಿಜಯದಶಮಿಯ ದಿನ ದಸರಾ ಚೌಕಕ್ಕೆ ಬರುವುದು 1930ರ ದಶಕದ ಮೇಬ್ಯಾಕ್ ಕಾರಿನಲ್ಲಿ. ಜರ್ಮನಿಯ ಆ ಗಾಡಿ ಇವತ್ತಿಗೂ ಉಳಿದಿದೆ, ಹಬ್ಬದ ದಿನ ತನ್ನ ಗಾಲಿಯ ಮೇಲೆ ಹೊರಬರುತ್ತದೆ. ವರ್ಷಕ್ಕೊಮ್ಮೆಯಾದರೂ ಓಡಿಸಬೇಕಾದರೆ ವರ್ಷವಿಡೀ ಯಾರೋ ಅದರ ಕಡೆ ಗಮನ ಕೊಡಲೇಬೇಕಲ್ಲ!

ದೊಡ್ಡ ಸಂಗ್ರಹ ನೋಡಬೇಕೆಂದರೆ ಧರ್ಮಸ್ಥಳ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಅಲ್ಲಿಯ ಕಾರುಗಳ ಸಂಗ್ರಹದಲ್ಲಿ ಗಾಂಧೀಜಿ ಪ್ರಯಾಣಿಸಿದ್ದೆಂದು ಹೇಳುವ ಸ್ಟುಡ್‌ಬೇಕರ್ ಕೂಡ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರದೇ ‘ಪಯಣ’ ಮ್ಯೂಸಿಯಂ ಇದೆ. ಬೆಂಗಳೂರಿನಲ್ಲಿ ಕೆಲಸ ಮಾಡುವವರು ಒಂದು ಭಾನುವಾರ ಹೋಗಿ ಬರಬಹುದು. ಹೋದಾಗ ಹೊಳಪು ನೋಡಿ ಸೆಲ್ಫಿ ತೆಗೆದು ಬರಬೇಡಿ. ಬೀಡಿಂಗ್ ಹೇಗಿದೆ, ಡ್ಯಾಶ್‌ಬೋರ್ಡಿನ ಗುಂಡಿಗಳು ಯಾವ ಕಡೆ ಇವೆ, ಸೀಟಿನ ಹೊಲಿಗೆ ಎಂಥದ್ದು ಅಂತ ಗಮನಿಸಿ. ನಿಮ್ಮ ಶೆಡ್ಡಿನ ಗಾಡಿ ಸರಿಮಾಡಿಸುವಾಗ ಮಿಸ್ತ್ರಿಗೆ ತೋರಿಸಲು ಆ ಫೋಟೋಗಳೇ ಆಧಾರ.

ಅಕ್ಕೋಳದಿಂದ ಹೊರಟರೆ

ಹಳೇ ಕಾರಿನಲ್ಲೇ ಧರ್ಮಸ್ಥಳಕ್ಕೆ ಹೋಗುವ ಆಸೆಯೇ? 400 ಕಿ.ಮೀ.ಗಿಂತ ಹೆಚ್ಚಿನ ಹಾದಿ. ಎರಡು ದಿನದ ಲೆಕ್ಕ ಹಾಕಿ.

ಮಳೆಗಾಲದಲ್ಲಿ ಬೇಡ. ವೇದಗಂಗೆ ತುಂಬಿದರೆ ಅಕ್ಕೋಳ–ಸಿದ್ನಾಳ ಸೇತುವೆಯೇ ಮುಳುಗುತ್ತದೆ; ದಾರಿಯ ಕೊನೆಯಲ್ಲಿ ಚಾರ್ಮಾಡಿ ಘಾಟಿಯೂ ಕಷ್ಟ. ಚಳಿಗಾಲ ಒಳ್ಳೇದು. ಆದರೆ ಅದು ಕಬ್ಬಿನ ಹಂಗಾಮು. ಹಿಂದೆ ದೀಪವಿಲ್ಲದ ಜೋಡಿ ಟ್ರೇಲರ್ ಕತ್ತಲಲ್ಲಿ ಕಾಣುವುದೇ ಇಲ್ಲ, ಹಳೇ ಕಾರಿನ ಹೆಡ್‌ಲೈಟೋ ಮಿಣುಕು. ಬೆಳಕು ಹರಿದ ಮೇಲೆ ಹೊರಡಿ, ಸೂರ್ಯ ಮುಳುಗುವುದರೊಳಗೆ ಗಾಡಿ ನಿಲ್ಲಿಸಿ.

ಮೊದಲ ಪರೀಕ್ಷೆ ನಿಪ್ಪಾಣಿ ದಾಟಿದ ಕೂಡಲೇ ಸಿಗುವ ತವಂದಿ ಘಾಟ್. ಅಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೆ ಸ್ತವನಿಧಿಯ ಹತ್ತಿರ ನಿಲ್ಲಿಸಿ, ತಣ್ಣಗಾದ ಮೇಲೆ ಮನೆಗೇ ತಿರುಗಿಸಿ. ಮುಂದೆ ಸಂಕೇಶ್ವರ, ಬೆಳಗಾವಿ, ಕಿತ್ತೂರು, ಹುಬ್ಬಳ್ಳಿಯವರೆಗೆ ಒಳ್ಳೇ ಹೆದ್ದಾರಿ. ಲಾರಿಗಳು ಹಿಂದಿಕ್ಕಿದರೆ ಹಿಂದಿಕ್ಕಲಿ, ನೀವು 60ರ ಆಸುಪಾಸಿನಲ್ಲೇ ಇರಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಎರಡನೇ ಗೇರ್ ಬಿಡಬೇಡಿ. ಪದ್ಮಿನಿ, ಹಳೇ ಅಂಬಾಸಡರ್‌ಗಳಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್. ಸತತವಾಗಿ ಒತ್ತಿದರೆ ಕಾದು ಹಿಡಿತ ಬಿಡುತ್ತವೆ.

ಇನ್ನೊಂದು ತಮಾಷೆ ಕೇಳಿ. ನಮ್ಮ ಕಬ್ಬಿನಿಂದಲೇ ಎಥೆನಾಲ್ ಆಗುತ್ತದೆ, ಅದೇ ಪೆಟ್ರೋಲಿಗೆ ಸೇರುತ್ತದೆ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ 2023ರಿಂದ ಪಂಪುಗಳಿಗೆ ಬರತೊಡಗಿತು. ಹಳೇ ಕಾರಿನ ರಬ್ಬರ್ ಪೈಪು, ಕಾರ್ಕ್ ಗ್ಯಾಸ್ಕೆಟ್ಟುಗಳನ್ನು ಎಥೆನಾಲ್ ಮೆಲ್ಲಗೆ ತಿನ್ನುತ್ತದೆ, ನೀರಿನಂಶವನ್ನೂ ಹೀರುತ್ತದೆ. ಹೊರಡುವ ಮುಂಚೆ ಎಥೆನಾಲ್ ತಡೆಯುವ ಪೈಪು ಹಾಕಿಸಿ, ಮೊದಲ ನೂರು ಕಿ.ಮೀ. ಆದ ಮೇಲೆ ಬಾನೆಟ್ ಎತ್ತಿ ಸೋರಿಕೆ ನೋಡಿ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಅದೇ ಪೆಟ್ರೋಲ್ ಬಿಟ್ಟು ನಿಲ್ಲಿಸಬೇಡಿ.

ಕಿತ್ತದ್ದನ್ನು ಮತ್ತೆ ಕೂರಿಸಲು ಬರಬೇಕು

ಹಾಟ್ ರಾಡ್ ಕಟ್ಟುವವರಿಂದ ಕಲಿಯಬೇಕಾದದ್ದು ಕೈ ಮಸಿ ಮಾಡಿಕೊಳ್ಳುವ ಧೈರ್ಯ. ಮ್ಯೂಸಿಯಂನವರಿಂದ ಕಲಿಯಬೇಕಾದದ್ದು ಇದ್ದದ್ದನ್ನು ಇದ್ದ ಹಾಗೆ ಬಿಡುವ ಸಂಯಮ. ಎರಡಕ್ಕೂ ಹೊಂದುವ ಒಂದು ಸೂತ್ರವಿದೆ: ನೀವು ಮಾಡುವ ಯಾವ ಬದಲಾವಣೆಯನ್ನೂ ನಾಳೆ ಇನ್ನೊಬ್ಬರು ಹಿಂದಿನಂತೆ ಮಾಡಲು ಬರಬೇಕು.

ಸೀಟ್ ಬೆಲ್ಟ್ ಹಾಕಿಸಿ, ಒಳ್ಳೇ ಬಲ್ಬ್ ಹಾಕಿಸಿ, ಪೈಪು ಬದಲಾಯಿಸಿ. ಇವೆಲ್ಲ ಬೋಲ್ಟ್ ಬಿಚ್ಚಿದರೆ ವಾಪಸ್ ಬರುವ ಕೆಲಸ. ಗ್ಯಾಸ್ ಕಟರ್ ಹಚ್ಚಿದರೆ ವಾಪಸ್ ಬರುವುದಿಲ್ಲ. ಬಿಚ್ಚಿದ ಹಳೇ ಭಾಗಕ್ಕೆ ಎಣ್ಣೆ ಒರೆಸಿ, ಚೀಟಿ ಅಂಟಿಸಿ, ಡಬ್ಬದಲ್ಲಿಡಿ. ಅಜ್ಜ ಹಾಕಿಸಿದ ಮಟಾಡೋರ್ ಎಂಜಿನ್ ಇದ್ದು, ಅದು ಆರ್‌ಸಿಯಲ್ಲಿ ದಾಖಲಾಗಿದ್ದರೆ ಅದನ್ನು ಕಿತ್ತೊಗೆಯುವ ಅವಸರವೂ ಬೇಡ. ಆ ಕಾಲ ಹೇಗಿತ್ತು ಅನ್ನುವುದಕ್ಕೆ ಅದೂ ಒಂದು ಸಾಕ್ಷಿ. ವಿಂಟೇಜ್ ನೋಂದಣಿ ಸಿಗಲಿಕ್ಕಿಲ್ಲ, ಮನೆಯ ಕಥೆ ಉಳಿಯುತ್ತದೆ.

ಗಾಡಿಗಿಂತ ಬೇಗ ಕಳೆದುಹೋಗುತ್ತಿರುವುದು ಕೈವಿದ್ಯೆ. ಕಾರ್ಬೊರೇಟರ್ ಹೊಂದಿಸಿ, ಡಿಸ್ಟ್ರಿಬ್ಯೂಟರ್ ಪಾಯಿಂಟಿನ ಸಂದು ನೋಡಿ, ಸದ್ದು ಕೇಳಿಯೇ “ಮೂರನೇ ಪ್ಲಗ್ ಹೊಡಿವಲ್ದು” ಅನ್ನುವ ಮಿಸ್ತ್ರಿಗಳಿಗೆ ವಯಸ್ಸಾಗುತ್ತಿದೆ. ಅವರ ಮಕ್ಕಳು ಸ್ಕ್ಯಾನರ್ ಹಚ್ಚಿ ಗಾಡಿ ನೋಡುವವರು. ಮುಂದಿನ ಸಲ ಊರಿಗೆ ಹೋದಾಗ ಪೇಟೆಯ ಹಳೇ ಮಿಸ್ತ್ರಿಯನ್ನು ಚಹಾಕ್ಕೆ ಕರೆದು, ಅವರು ಟೈಮಿಂಗ್ ಹೊಂದಿಸುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಸ್ಪ್ಯಾನರನ್ನು ನೀವೇ ಇಸಗೊಳ್ಳಿ. ಮೊದಲ ಸಲ ಕೈ ತಡವರಿಸುತ್ತದೆ. ಅವರು ಪಕ್ಕದಲ್ಲೇ ನಿಂತು “ಇನ್ನ ಸ್ವಲ್ಪ ತಿರುವ್ರಿ, ಹಾಂ, ಸಾಕು” ಅನ್ನುವಷ್ಟು ದಿನ ಇದ್ದಾಗಲೇ ಕಲಿತುಬಿಡಿ.