ಹಲ್ಲು ಕಚ್ಚಿ ಸಹಿಸಿದ್ದಕ್ಕೆ ದವಡೆ ನೋವು!

‘ಅಕ್ಕಾ, ರಾತ್ರಿಯೆಲ್ಲ ಏನು ಕಟಕಟ ಕಡೀತಿದ್ದೆ?’ ಎಂದು ತಂಗಿ ಕೇಳಿದಾಗ ನಕ್ಕುಬಿಟ್ಟೆ. ಭಾಗಮಂಡಲದ ಆಟಿ ಮಳೆಯ ಸದ್ದನ್ನೂ ಮೀರಿ ನನ್ನ ಹಲ್ಲಿನ ಸದ್ದು ಕೇಳಿಸಿತ್ತಂತೆ. ‘ಹೊಟ್ಟೇಲಿ ಹುಳ ಇರ್ಬೇಕು’ ಎಂದರು ಅಜ್ಜಿ. ಹುಳದ ಮಾತ್ರೆಯನ್ನೂ ನುಂಗಿದ್ದಾಯಿತು. ಆದರೂ ಬೆಳಿಗ್ಗೆ ಎದ್ದರೆ ದವಡೆ ಬಿಗಿ, ತಲೆನೋವು. ಅಕ್ಕಿ ರೊಟ್ಟಿ ಅಗಿಯುವುದೂ ಕಷ್ಟ.

ಕೊನೆಗೆ ಮಡಿಕೇರಿಗೆ ಹೋಗಿ ದಂತವೈದ್ಯರನ್ನು ಕಂಡೆ. ಸವೆದ ಹಲ್ಲುಗಳನ್ನು ನೋಡಿದ ಅವರು, ‘ಏನು ಮಾಡ್ಕೊಂಡಿದ್ದೀಯಮ್ಮಾ?’ ಎಂದರು. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಎರಡು ಸಲ ಸೋತು, ಮನೆಯಲ್ಲಿ ‘ಪರವಾಗಿಲ್ಲ’ ಎನ್ನುತ್ತಲೇ ಓಡಾಡುತ್ತಿದ್ದ ನನಗೆ ಅಳು ಬಂತು.

ಇದರ ಹೆಸರು ಬ್ರಕ್ಸಿಸಂ. ನಿದ್ದೆಯ ನಡುವೆ ಮಿದುಳು ಕ್ಷಣಕಾಲ ಎಚ್ಚರದತ್ತ ಬಂದಾಗ ದವಡೆಯ ಸ್ನಾಯುಗಳು ನಮಗೇ ತಿಳಿಯದಂತೆ ಬಿಗಿಯುತ್ತವೆ. ಆತಂಕ, ಅತಿಯಾದ ಕಾಫಿ, ಸಿಗರೇಟು, ಮದ್ಯ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದನ್ನು ಹೆಚ್ಚಿಸಬಹುದು. ರಾತ್ರಿ ಹಾಕಿಕೊಳ್ಳುವ ನೈಟ್ ಗಾರ್ಡ್ ಹಲ್ಲನ್ನು ಕಾಯುತ್ತದೆಯೇ ಹೊರತು ಕಾರಣವನ್ನು ಕಳೆಯುವುದಿಲ್ಲ.

ವೈದ್ಯರು ಇನ್ನೊಂದು ಮಾತು ಹೇಳಿದರು: ತುಟಿ ಮುಚ್ಚಿದ್ದರೂ ಮೇಲಿನ, ಕೆಳಗಿನ ಹಲ್ಲುಗಳು ತಾಗಿರಬಾರದು. ಓದಲು ಕುಳಿತಾಗ ಗಮನಿಸಿದೆ. ಹಗಲೆಲ್ಲ ನಾನು ಹಲ್ಲು ಕಚ್ಚಿಕೊಂಡೇ ಇದ್ದೆ!

ಈಗ ಸಂಜೆಯ ಮೇಲೆ ಕಾಫಿ ಇಲ್ಲ. ಪುಸ್ತಕದ ಅಂಚಿನಲ್ಲಿ ‘ದವಡೆ ಸಡಿಲ’ ಎಂದು ಬರೆದಿಟ್ಟಿದ್ದೇನೆ. ಭಯವಾಗುತ್ತಿದೆ ಎಂದು ಅಮ್ಮನಿಗೂ ಹೇಳಿದ್ದೇನೆ. ಕೆಲವು ರಾತ್ರಿ ಇನ್ನೂ ಹಲ್ಲು ಕಡಿಯುತ್ತೇನಂತೆ. ಆದರೆ ತಂಗಿಗೆ ಈಗ ಹೆಚ್ಚಾಗಿ ಕೇಳಿಸುವುದು ಮಳೆಯ ಸದ್ದೇ.